ಗೋಡೆಗಿಂತ ಮೊದಲು ಬಾಗಿಲು

ನಲವತ್ತೇಳನೇ ಇಸವಿಯ ಮಾತು ನಿನಗೆಲ್ಲಿ ನೆನಪಿರುತ್ತದೆ ಎನ್ನುವವರು ಬಾಯಿ ಮುಚ್ಚಿಕೊಂಡು ಕೇಳಿ. ವಿಜಾಪುರದ ಮೋಟಾರು ಸ್ಟ್ಯಾಂಡಿನಲ್ಲಿ ಆ ಇಬ್ಬರು ಬೀಗರ ಬೆನ್ನಿಗೇ ನಿಂತಿದ್ದೆ. ತಿಕೋಟಾದ ಮುರಿಗೆವ್ವನಿಗೆ ಒಂದೇ ಚಿಂತೆ: ನಿಶ್ಚಯವಾಗಿ ವರ್ಷ ಕಳೆದರೂ ಮಗಳ ಮದುವೆಗೆ ಗಂಡಿನ ಕಡೆಯ ಬೀಗರು ದಿನ ಗೊತ್ತುಮಾಡಿರಲಿಲ್ಲ. ಹುಡುಗನ ಅಪ್ಪ, ನಿಡೋಣಿಯ ಶಿವಯೋಗೆಪ್ಪ, ಅಲ್ಲೇ ಸಿಕ್ಕಿಬಿದ್ದ.

“ಮದುವಿ ಯಾವಾಗ್ರೀ ಬೀಗರ?”

“ಹೊಸಾ ಮನಿ ಮುಗೀಲಿ ತಡೀರಿ.”

“ಯಾಕ ಮುಗದಿಲ್ಲ?”

“ಮಾಳಿಗಿಗೆ ತೊಲಿ ಬೇಕಲ್ಲ. ಮದುವಿ ಆದಮ್ಯಾಲ ಕೊಡ್ತೀನಿ ಅಂದಾವ್ರು ನೀವ.”

“ಅಂದ್ರ ಮದುವಿಗೆ ಮನಿ ಆಗಬೇಕು, ಮನಿಗೆ ಮದುವಿ ಆಗಬೇಕು! ಛಲೋ ಆತು. ತೊಲಿ ಮೊದಲ ಕೊಟ್ಟೇನು. ಗ್ವಾಡಿ ಎದ್ದಾವೇನು?”

“ತೊಲಿ ಬರ್ಲಿ ಅಂತ ಬಿಟ್ಟೇನ್ರಿ.”

“ಮತ್ತ ವರ್ಸದಿಂದ ನಿಮ್ಮ ಬಡಿಗ್ಯಾ ಏನ ಮಾಡ್ಯಾನ?”

“ಬಾಗಲಾ ತಯಾರ್ ಐತ್ರಿ. ಬಣ್ಣಾನೂ ಹಚ್ಚಿ, ಬೇವಿನ ಗಿಡಕ್ಕ ಆನಿಸಿ ನಿಲ್ಲಿಸೇವಿ.”

“ಯಪ್ಪಾ! ಆ ಹೊಸ್ತಿಲ ದಾಟಿ ನನ್ನ ಮಗಳು ಎಲ್ಲಿಗೆ ಹೋಗಬೇಕ್ರೀ? ಈ ಕಡಿ ಹೊಲದಿಂದ ಆ ಕಡಿ ಹೊಲಕ್ಕ?”

ತಿಕೋಟಾದ ಮೋಟಾರು ಬಂತು. ಆಕೆ ಒಂದು ಕಾಲು ಮೇಲಿಟ್ಟು ತಿರುಗಿದಳು.

“ಗ್ವಾಡಿ ನನ್ನ ಎದಿಮಟ ಏಳ್ಲಿ, ತೊಲಿ ಬರ್ತಾವ. ಅಲ್ಲೀತನಾ ನಿಮ್ಮ ಮಗಗ ಆ ಬಾಗಲಾ ಜೋಡಿನ ಲಗ್ನಾ ಮಾಡ್ರಿ!”

ಮನೆ ಕಟ್ಟಲು ಹೊರಟವರು ನಿಮ್ಮಲ್ಲಿ ಯಾರಿದ್ದರೂ, ಬಡಿಗನನ್ನು ಕರೆಯುವ ಮೊದಲು ಇದನ್ನು ಅವರ ಕಿವಿಗೆ ಹಾಕಿ.