ನೆಂಟನಿಗೆ ಊಟ ಉಂಟು

…ಆರಿ ಹೋಯ್ತು ನೋಡು, ಕುಡಿ ಮಗಾ. ಇಡೀ ನಾಸಿಕ್‌ನಲ್ಲಿ ಈ ಉಮಾನಾಥ ಶೆಟ್ಟಿಯ ಕಾಫಿಯನ್ನು ಆರಲು ಬಿಟ್ಟವರು ಇಲ್ಲ. ಇದರ ಪರಿಮಳಕ್ಕೆ ಒಂದು ಮಳೆಗಾಲದಲ್ಲಿ ಗೋದಾವರಿಯೇ ತನ್ನ ದಾರಿ ಬಿಟ್ಟು ನಮ್ಮ ಹೋಟೆಲಿನ ಮೆಟ್ಟಿಲವರೆಗೆ ಬಂದಿದ್ದಳು. ಜನ ಅದನ್ನು ನೆರೆ ಅಂತಾರೆ.

ನಗು ಬರುವುದಿಲ್ಲವಾ? ಈ ಕತೆಗೆ ವೇದಾ ಪ್ರತಿ ಸಲ ನಗುತ್ತಿದ್ದಳು… ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಗಿರಾಕಿಗಳಿಗೆ ಬಡೇಸೋಪು ಹಂಚುತ್ತಾ.

ಎಂತ ಹಾಗೆ ನೋಡ್ತೀ ವಸಂತಿ? ನಿನ್ನ ಮಗಳನ್ನು ಅಪ್ಪನ ಜೊತೆ ಔರಂಗಾಬಾದಿನ ಬಸ್ಸು ಹತ್ತಿಸಿದ್ದು ನಾನಾ? ಕಾಯಿದೆ ಹತ್ತಿಸಿದ್ದು. ಡೈವೋರ್ಸಿಗೆ ನೀನೂ ಬೇಡ ಅನ್ನಲಿಲ್ಲ, ನಿನ್ನ ಗಂಡ ಲಿಂಗರಾಜುವೂ ಅನ್ನಲಿಲ್ಲ. ತಕರಾರು ಇದ್ದದ್ದು ಮಗುವಿನದ್ದು ಮಾತ್ರ. ಅದಕ್ಕೆ ಎಂಥ ಕಾಯಿದೆ ಮಾರಾಯ್ತಿ! ಅಪ್ಪನೇ ಸಹಜ ಪೋಷಕನಂತೆ. ಐದು ತುಂಬುವ ತನಕ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವಂತೆ. ವೇದಾಳಿಗೆ ಏಳು. ಹಾಗಾದ್ರೆ ಐದು ತುಂಬಿದ ಮರುದಿನ ತಾಯಿ ಎಂತ ಆಗ್ತಾಳೆ, ನೆರೆಮನೆಯವಳಾ?

ಗೊತ್ತುಂಟು, ಗೊತ್ತುಂಟು. ಅಷ್ಟಕ್ಕೇ ಮುಗಿಯುವುದಿಲ್ಲ ಅಂತ ವಕೀಲರು ಹೇಳಿದ್ರು. ಎಲ್ಲದಕ್ಕಿಂತ ಮೇಲೆ ಮಗುವಿನ ಹಿತ. ತಾಯಿ ಚೆನ್ನಾಗಿ ನೋಡಿಕೊಳ್ತಾಳೆ ಅಂತ ಜಡ್ಜಿನ ಮನಸ್ಸಿಗೆ ಬಂದರೆ ಐದು ದಾಟಿದ ಮಗುವನ್ನೂ ತಾಯಿಗೇ ಕೊಡ್ತಾರೆ ಅಂತ. ‘ಶೆಟ್ಟರೇ, ಕಟಕಟೆಯಲ್ಲಿ ವಸಂತಿಯ ಬಗ್ಗೆ ಮಾತ್ರ ಮಾತಾಡಿ’ ಅಂತ ನನ್ನ ತೋಳು ಹಿಡಿದು ಹೇಳಿದ್ರು.

ಮಾತಾಡಲಿಲ್ಲವಾ ಮತ್ತೆ? ಮೀಸೆ ತಿರುವಿ ಮಾತಾಡಿದೆ. ‘ಸಾಹೇಬ್, ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಪ್ಪ ಅಂದ್ರೆ ಬಂದು ಉಂಡು ಹೋಗುವ ನೆಂಟ. ಕುಟುಂಬಕ್ಕೆ ಯಜಮಾನ ಸೋದರಮಾವ, ಅಂದ್ರೆ ವಸಂತಿಯ ಅಮ್ಮನ ತಮ್ಮ, ನಾನು.’ ಕೋರ್ಟಿಗೆ ಕೋರ್ಟೇ ಗಪ್‌ಚಿಪ್. ಜಡ್ಜು ಎದ್ದು ನಿಂತು ನನ್ನ ಕೈ ಕುಲುಕಿ… ಆಯ್ತು, ಎದ್ದು ನಿಲ್ಲಲಿಲ್ಲ. ಕನ್ನಡಕ ತೆಗೆದ್ರು, ಅಷ್ಟು ನಿಜ. ಮಗುವಿನ ಶಾಲೆ, ಮದುವೆ ಎಲ್ಲ ನಿಶ್ಚಯ ಮಾಡುವುದು ಯಾರು ಅಂತ ಕೇಳಿದ್ರು. ನಾನು ಅಂದೆ. ‘ಮತ್ತೆ ತಾಯಿ?’ ಅಂದ್ರು. ‘ಅವಳದ್ದೂ ನಾನೇ’ ಅಂದೆ.

ಅದರಲ್ಲಿ ಎಂತ ತಪ್ಪು? ಊರಿನಲ್ಲಾದರೆ ಹತ್ತು ಸಮಸ್ತರು ತಲೆದೂಗ್ತಿದ್ರು. ಇಲ್ಲಿ ಆ ಜಡ್ಜು ಅದನ್ನೇ ಹಿಡಿದುಕೊಂಡ. ಮಗು ಇರುವುದು ತಾಯಿಯ ಕೈಯಲ್ಲಿ ಅಲ್ಲ, ಮಾವನ ಕೈಯಲ್ಲಿ. ಮಾವನಿಗಿಂತ ಅಪ್ಪ ಹತ್ತಿರದವನು ಅಂತ. ಘಟ್ಟದ ಮೇಲಿನವರಿಗೆ ನಮ್ಮ ಕಟ್ಟು ಅರ್ಥ ಆಗುವುದಿಲ್ಲ, ಬಿಡು.

ಅಳಬೇಡ. ಅಳ್ತಾ ಇಲ್ಲವಾ? ಹಾಗಾದ್ರೆ ಗೋಡೆಯನ್ನು ಹಾಗೆ ನೋಡಬೇಡ, ಗೋಡೆಗೂ ಹೆದರಿಕೆ ಆಗ್ತದೆ.

ಮೇಲಿನ ಕೋರ್ಟಿಗೆ ಹೋಗುವ. ಬೊಂಬಾಯಿಗೆ! ಆ ಲಿಂಗರಾಜು ಎಷ್ಟು ದಿನ ತಡೆದಾನು? ಓಝರಿನ ವಿಮಾನ ಕಾರ್ಖಾನೆಯಲ್ಲಿ ಇದ್ದಾಗ ಇಲ್ಲಿಗೇ ಊಟಕ್ಕೆ ಬರುತ್ತಿದ್ದವ, ಇನ್ನೊಂದು ಸೌಟು ಸಾರು ಕೇಳಲೂ ನಾಚುತ್ತಿದ್ದ. ನಿನ್ನನ್ನು ಹೇಗೆ ಕೇಳಿದನೋ ದೇವರಿಗೇ ಗೊತ್ತು. ವಿಮಾನ ಮಾಡುವವನಂತೆ, ನನ್ನ ಎದುರು ನಿಂತರೆ ಅವನದ್ದೇ ರೆಕ್ಕೆ ಮುದುರ್ತದೆ. ಆವತ್ತು ಇದೇ ಮೇಜಿನಲ್ಲಿ ಕೂತು ಕೈ ಮುಗಿದ. ‘ಮಾವ, ಕೋರ್ಟು ಬೇಡ. ವೇದಾ ಅವಳಮ್ಮನ ಹತ್ತಿರವೇ ಬೆಳೆಯಲಿ. ರಜೆಯಲ್ಲಿ ನಾಲ್ಕು ದಿನ ನನ್ನ ಹತ್ತಿರ ಕಳಿಸಿ, ಸಾಕು.’ ನಾನು ಬಿಡ್ತೇನಾ? ‘ನೆಂಟನಿಗೆ ಊಟ ಉಂಟು, ಮಗು ಇಲ್ಲ’ ಅಂದೆ. ಅವನ ಮುಖ ನೀನು ನೋಡಬೇಕಿ…

ನೀನು ನೋಡಲಿಲ್ಲ. ಹೌದು. ನೀನು ವೇದಾಳನ್ನು ಶಾಲೆಯಿಂದ ಕರಕೊಂಡು ಬರಲು ಹೋಗಿದ್ದಿ.

ಯಾವಾಗ ಅಂದ್ರೆ… ಯಾವಾಗಲೋ. ದಾವೆಗೆ ಮೊದಲು. ನಿನಗೆ ಹೇಳುವಷ್ಟು ದೊಡ್ಡ ಸಂಗತಿ ಅಲ್ಲ ಅಂತ… ಯಜಮಾನ ಆದವನು ಎಲ್ಲವನ್ನೂ ಹೇಳ್ತಾ ಕೂತರೆ ಆಗ್ತದಾ?

ಬೈಯಿ. ವಸಂತಿ, ಒಂದು ಮಾತು ಬೈಯಿ.

ಗಲ್ಲೆಯ ಬೀಗದ ಕೈ ಇಲ್ಲಿ ಯಾಕೆ ಇಡ್ತೀ? ಸೊಂಟಕ್ಕೆ ಸಿಕ್ಕಿಸು ಅದನ್ನು. ಆ ಚೀಲ ಎಂತಕ್ಕೆ? ಔರಂಗಾಬಾದಿಗೆ ಈಗ ಬಸ್ಸಿಲ್ಲ… ಉಂಟು, ಸಂಜೆಯದ್ದು ಉಂಟು, ಸುಳ್ಳು ಹೇಳಿದೆ. ಹೋಗಿ ಅವನ ಹತ್ತಿರ ಎಂತ ಹೇಳ್ತೀ? ‘ನೀನು ಬಂದು ಕೇಳಿದ್ದು ನನಗೆ ಗೊತ್ತೇ ಇರಲಿಲ್ಲ’ ಅಂತಲಾ?

ಕೇಳು ಮಗಾ. ನಮ್ಮ ಕಟ್ಟಿನಲ್ಲಿ ಕುಟುಂಬ ಮುಂದೆ ಹೋಗುವುದು ಹೆಣ್ಣಿನಿಂದ. ಮಗು ಆ ಬಸ್ಸು ಹತ್ತಿತು. ಈಗ ನೀನೂ ಹತ್ತಿದರೆ ನಾನು ಯಾರಿಗೆ ಯಜಮಾನ, ಈ ಕುರ್ಚಿಗಳಿಗಾ?