ಎರಡೆರಡು ಚಮಚ ಹೊಟ್ಟು

ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದ ಟೈಲರಮ್ಮನ ಕಿವಿ, ಬೇಡವೆಂದರೂ ಪಕ್ಕದ ಅಣ್ಣತಮ್ಮಂದಿರ ಮಾತಿನ ಕಡೆಗೇ ಹೋಯಿತು. ಅಣ್ಣನ ಕೈಯಲ್ಲಿ ಎರಡು ರಿಪೋರ್ಟುಗಳಿದ್ದವು.

“ಕೊಲೆಸ್ಟ್ರಾಲ್ ಇಳಿದಿದೆಯಾ ಅಣ್ಣ?”

“ಮುನ್ನೂರ ನಲವತ್ತಿತ್ತು. ಈಗ ಮುನ್ನೂರ ಇಪ್ಪತ್ತೆಂಟು.”

“ಮೊದಲಿಂದ ತಗೊಳ್ತಿದ್ದ ಮಾತ್ರೆ ಜೊತೆ ಆರು ತಿಂಗಳು ಓಟ್ಸ್ ಹೊಟ್ಟು ತಿಂದಿದ್ದಕ್ಕೆ ಇಷ್ಟೇನಾ?”

“ಎತ್ತಿನ ಥರ ತಿಂದೆ ಕಣೋ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ನಾರಿನಂಶ ಸ್ವಲ್ಪ ಇಳಿಸುತ್ತೆ, ವಂಶದಲ್ಲಿ ಬಂದಿದ್ದನ್ನ ತೊಳೆಯಲ್ಲ ಅಂತ ಡಾಕ್ಟ್ರು ಮೊದಲೇ ಅಂದಿದ್ರು.”

“ನಮ್ಮಪ್ಪನಿಗೂ ಇದೇ ಇತ್ತಲ್ಲ.”

“ನಲವತ್ತೊಂದಕ್ಕೇ ಹೋದ್ರು. ನಂಗೀಗ ನಲವತ್ತು.”

ತಮ್ಮ ಅಣ್ಣನ ಕೈಯಲ್ಲಿದ್ದ ಹಾಳೆಗಳತ್ತ ಬಗ್ಗಿದ.

“ಇನ್ನೊಂದು ರಿಪೋರ್ಟ್ ಯಾರದು?”

“ಮಗಳದು. ನಾನೊಬ್ನೇ ತಿಂದ್ರೆ ಬೇಜಾರಾಗುತ್ತೆ ಅಂತ ದಿನಾ ಜೊತೆಗೆ ಕೂತು ತಿಂದ್ಲು. ಮುಖ ಸಿಂಡರಿಸಿಕೊಂಡು, ಎರಡೆರಡು ಚಮಚ.”

“ಅವಳಿಗಿನ್ನೂ ಹದಿಮೂರು. ಎಷ್ಟಿದೆ?”

“ನನಗಿಂತ ಹೆಚ್ಚು.”

ಟೈಲರಮ್ಮ ರಕ್ತ ನಿಂತಿದ್ದರೂ ಹತ್ತಿ ಒತ್ತುತ್ತಲೇ ಇದ್ದಳು.

“ಮನೆಗೆ ಹೋಗಿ ಅವಳಿಗೆ ಏನಂತೀಯ ಅಣ್ಣ?”

ಅಣ್ಣ ಎರಡೂ ಹಾಳೆಗಳನ್ನು ಒಂದರೊಳಗೊಂದು ಮಡಚಿ ಜೇಬಿಗಿಟ್ಟು ಎದ್ದ. ಬಾಗಿಲ ಹತ್ತಿರ ಹೋದ ಮೇಲೆ ಅವನ ದನಿ ಕೇಳಿಸಿತು.

“ನಾಳೆಯಿಂದ ಮೂರು ಚಮಚ ಅಂತೀನಿ.”