ಸೀಟಿನ ಕೆಳಗಿನ ಡಬ್ಬಿ

ತೆಗೀತೀನಿ ತಾಯಿ, ತೆಗೀತೀನಿ! ಡಬ್ಬಿ ಎಲ್ಲಿಗೆ ಓಡಿಹೋಗುತ್ತೆ? ಹನ್ನೆರಡು ವರ್ಷದಿಂದ ಈ ವ್ಯಾನಿನ ಸೀಟಿನ ಕೆಳಗೇ ಇದೆ, ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದೀನಿ. ಮೊದಲು ನೀನು ಒಳಗೆ ಬಂದು ಬಾಗಿಲು ಹಾಕ್ಕೋ ರೋಂಡಾ, ಥಂಡಿ ಗಾಳಿ ನುಗ್ತಿದೆ... ಹಾಂ. ಬ್ಯಾಗು ಕೆಳಗಿಡು, ಜಾಗ ಇದೆ. ಬೇಡ್ವಾ? ತೊಡೆ ಮೇಲೇ ಇರಬೇಕಾ? ಸರಿ, ಇಟ್ಕೋ ಮಾರಾಯ್ತಿ.

ಅಲ್ಲ, ಬೆಳಗಾಗ್ತಿದ್ದ ಹಾಗೇ ಬಂದು "ಅಪ್ಪಾ, ಪಿಸ್ತೂಲು ಎಲ್ಲಿ" ಅಂತೀಯಲ್ಲ! ಕಾಫಿ ಆಯ್ತಾ ಅಂತಿಲ್ಲ, ಮಂಡಿನೋವು ಹೇಗಿದೆ ಅಂತಿಲ್ಲ. ಡಬ್ಬೀಲಿದೆ ಅಂದೆನಲ್ಲ. ಮತ್ಯಾಕೆ ಹಾಗೆ ನೋಡ್ತೀಯಾ? ನಿಮ್ಮಮ್ಮನೂ ಹೀಗೇ ನೋಡ್ತಿದ್ಲು. ಬಾಯಿ ಬಿಟ್ಟು ಬೈದಿದ್ರೆ ಎಷ್ಟೋ ವಾಸಿ ಅನ್ಸೋದು.

ವ್ಯಾನಿನ ಮೇಲೆ ಇನ್ನೂ ನನ್ನ ಹೆಸರೇ ಇದೆ, ನೋಡಿದ್ಯಾ? ಡೆಲ್ಬರ್ಟ್ ಸ್ಟಿಡಮ್, ನಲ್ಲಿ-ಪೈಪಿನ ಕೆಲಸ. ಹೋದ ವರ್ಷದಿಂದ ಯಜಮಾನಿ ನೀನು, ಒಪ್ಕೋತೀನಿ. ಲೆಕ್ಕ ನಿಂದು, ಫೋನು ನಿಂದು. ಆದ್ರೆ ಈ ವಿಚಾರದಲ್ಲಿ ನಂಗೆ ಪಾಠ ಹೇಳೋಕೆ ಬರಬೇಡ. ಈ ಹಾಝರ್ಡ್ ಊರಲ್ಲಿ ಗಾಡೀಲಿ ಪಿಸ್ತೂಲು ಇಟ್ಕೊಂಡು ತಿರುಗೋರು ನೂರು ಜನ, ನನ್ನಷ್ಟು ಶಿಸ್ತಿನೋನು ಒಬ್ಬನ್ನ ತೋರ್ಸು! ಪೋಸ್ಟಾಫೀಸಿನ ಪೈಪು ಒಡೀತಾ, ಪಿಸ್ತೂಲು ಮನೇಲಿ. ಅವರ ಅಂಗಳಕ್ಕೂ ತರಂಗಿಲ್ಲ. ಶಾಲೆ ಕೆಲಸವಾ, ಆಗ್ಲೂ ಮನೇಲಿ, ಕಾನೂನು ಏನಾದ್ರೂ ಹೇಳ್ಕೊಳ್ಲಿ. ಪೊಲೀಸ್ನೋರು ನಿಲ್ಸಿದ್ರೆ ಎರಡೂ ಕೈ ಸ್ಟೀರಿಂಗ್ ಮೇಲೆ, "ಸೀಟಿನ ಕೆಳಗೆ ಪಿಸ್ತೂಲಿದೆ ಸ್ವಾಮಿ" ಅನ್ನೋದೇ ಮೊದಲ ಮಾತು. ನಳಿಗೇಲಿ ಗುಂಡು? ಇಡೋದೇ ಇಲ್ಲ. ಗಿರಾಕಿ ಮನೆ ಹೊಸ್ತಿಲು? ದಾಟ್ಸೋದೇ ಇಲ್ಲ. ಚರ್ಚಿನ ಮೀನೂಟದ ದಿನ ಆ ಗಂಡಸ್ರನ್ನೆಲ್ಲ ಕೂರಿಸ್ಕೊಂಡು ಹೇಳ್ದೆನಲ್ಲ, ನೀನೂ ಇದ್ದೆ... ಒಬ್ಬ ಸೀಟಿನ ಸಂದೀಲಿ ತುರುಕಿರ್ತಾನೆ, ಒಬ್ಬ ಸ್ಯಾಂಡ್‌ವಿಚ್ ಜೊತೆ ಚೀಲದಲ್ಲಿ ಹಾಕಿರ್ತಾನೆ. ಮೂರ್ಖರು!

ಯಾಕೆ ನಗ್ತೀಯಾ?... ನಗ್ತಿಲ್ವಾ? ಮತ್ತೆ ಅದೇನು, ತುಟಿ ಹಾಗೆ ಅದುರ್ತಿದೆ?

ನನಗೇನು ಪಿಸ್ತೂಲಿನ ಶೋಕಿ ಇತ್ತಾ ಹೇಳು. ಆ ಬೆಟ್ಟದ ಮೇಲಿನ ಖಾಲಿ ಮನೆಗೆ ನೀರು ಸೋರ್ತಿದೆ ಬನ್ನಿ ಅಂತ ಕರ್ದು, ನನ್ನದೇ ಪೈಪ್ ರೆಂಚಲ್ಲಿ ನನ್ನ ತಲೆಗೆ ಹೊಡೆದ್ರಲ್ಲ, ಅವತ್ತಿಂದ. ಇಡೀ ಮಧ್ಯಾಹ್ನ ಆ ಖಾಲಿ ಅಡುಗೆಮನೆ ನೆಲದ ಮೇಲೆ ಬಿದ್ದಿದ್ದೆ. ನಿಮ್ಮಮ್ಮ ಬೇಡ ಅನ್ಲಿಲ್ಲ. "ಪಿಸ್ತೂಲು ನಿಂದು ಡೆಲ್ಬರ್ಟ್, ಬೀಗ ನಂದು" ಅಂದ್ಲು. ಈ ಡಬ್ಬಿ ತಂದೋಳು ನಿಮ್ಮಮ್ಮ ಲವಾನೇ ತಾನೆ! ಬೀಗದ ಕೈ ನನ್ನ ಕೊರಳಿಗೆ ಹಾಕ್ದೋಳೂ ಅವಳೇ. ಈಗ ಅವಳ ಉಂಗುರನೂ ಇದರ ಜೊತೆಗೇ ಇದೆ, ನೋಡು. ನಾನು ಅವಳ ಮಾತು ಮೀರ್ತೀನಾ?

ಏನು, ಫೋನ್ ತೋರಿಸ್ತಿದ್ದೀಯಾ? ಓ... ವ್ಯಾನು ಎಲ್ಲಿ ನಿಂತಿತ್ತು ಅಂತ ಅದರಲ್ಲಿ ಬರುತ್ತೆ. ಹೌದು, ಬುಧವಾರ. ಹೌದು, ಆರ್ಲೀನ್ ಕಾಡಿಲ್ ಮನೆ ಮುಂದೆ. ನಲವತ್ತು ನಿಮಿಷನಾ? ಅಷ್ಟು ಹೊತ್ತಾಯ್ತಾ! ಊಟ ಮಾಡ್ತಿದ್ದೆ ಕಣೇ. ಅವಳ ಸಿಂಕು ರಿಪೇರಿ ಮಂಗಳವಾರವೇ ಮುಗಿಸಿದ್ದೆ, ನಿಜ. ಆದ್ರೆ ಅಲ್ಲೊಂದು ಮರ ಇದೆ, ಒಳ್ಳೆ ನೆರಳು... ನವೆಂಬರ್ ತಿಂಗಳಲ್ಲಿ ಯಾವ ನೆರಳು ಅಂತ ಕೇಳಬೇಡ. ಮುದುಕ, ಎಲ್ಲೋ ನಿಂತ್ಕೊಂಡೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಅಲ್ಲ ನಾನು.

ಡಬ್ಬಿ ಕಡೆ ಯಾಕೆ ನೋಡ್ತೀಯಾ? ಧೂಳಾ?... ಧೂಳು ಬೀಳುತ್ತೆ ಮಗಳೇ, ಕೆಲಸದ ಗಾಡಿ ಇದು.

ಸರಿ. ಸರಿ, ಮಂಡಿ. ಸಾಕಾ? ಈ ಡಬ್ಬಿ ತೆಗೀಬೇಕಂದ್ರೆ ಕೆಳಗಿಳಿದು ರಸ್ತೆ ಮೇಲೆ ಮಂಡಿ ಊರಬೇಕು. ಊರೋದೇನೋ ಊರ್ತೀನಿ, ಏಳೋಕೆ ಬಾಗಿಲು ಹಿಡ್ಕೊಂಡು ಒದ್ದಾಡಬೇಕು. ಹೋಗೋರು ಬರೋರು "ಕೈ ಕೊಡ್ಲಾ ಅಜ್ಜಾ" ಅಂತಾರೆ. ಅಜ್ಜ! ಒಂದು ತಿಂಗಳಿಂದ ಪಿಸ್ತೂಲನ್ನ ಸೊಂಟದಲ್ಲೇ ಇಟ್ಕೊಂಡಿದ್ದೆ. ಮೇಲೆ ಜಾಕೆಟ್ಟು. ಯಾರಿಗೂ ಕಾಣ್ತಿರ್ಲಿಲ್ಲ. ಕಾನೂನಿಗೇನೂ ಅಡ್ಡಿ ಇಲ್ವಲ್ಲ...

ಹಾಗೆ ನೋಡಬೇಡ, ರೋಂಡಾ. ಹೇಳ್ತೀನಿ.

ಸಿಂಕಿನ ಕೆಳಗೆ ಅಂಗಾತ ಮಲಗಿ ನೋಡು, ಗೊತ್ತಾಗುತ್ತೆ. ಸೊಂಟದ ಮೂಳೆಗೆ ಒತ್ತುತ್ತೆ ಅದು, ಪ್ರಾಣ ಹೋಗುತ್ತೆ. ಒಂದೇ ಒಂದು ನಿಮಿಷ ಅಂತ ತೆಗೆದು, ಅಲ್ಲೇ ಕಪಾಟಿನೊಳಗೆ, ಸೋಪಿನ ಬಾಟ್ಲಿ ಹಿಂದೆ ಇಟ್ಟೆ. ಪೈಪು ಬಿಗಿದೆ, ನೀರು ಬಿಟ್ಟು ನೋಡ್ದೆ, ಒರೆಸ್ದೆ. ಏಳೋದೇ ದೊಡ್ಡ ಕೆಲಸ ಆಯ್ತು. ಆರ್ಲೀನು ಕಾಫಿ ಕೊಟ್ಲು, ಕುಡ್ದೆ, ಬಂದೆ. ಸಂಜೆ ಮನೇಲಿ ಬೆಲ್ಟ್ ಬಿಚ್ಚೋವಾಗ ಸೊಂಟ ಖಾಲಿ...

ಗೊತ್ತು! ಅವಳ ಮನೇಲಿ ಮಕ್ಕಳಿರ್ತಾರೆ ಅಂತ ಗೊತ್ತು. ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳು, ಆರು ಜನ. ಬುಧವಾರ ಹೋಗಿ ನಿಂತಿದ್ದು ಅದಕ್ಕೇ. ಕಿಟಕಿಗೆಲ್ಲ ಬಣ್ಣದ ಕಾಗದದ ಟರ್ಕಿ ಕೋಳಿ ಅಂಟಿಸಿದ್ರು, ಸುಗ್ಗಿ ಹಬ್ಬ ಬಂತಲ್ಲ. ಒಳಗೆ ಹಾಡ್ತಿದ್ರು. ಎರಡು ಸಲ ಮೆಟ್ಟಿಲವರೆಗೆ ಹೋದೆ. ಬಾಗಿಲು ತಟ್ಟೋಕೆ ಕೈ ಏಳಲಿಲ್ಲ. ಏನಂತ ಹೇಳ್ಲಿ? "ಆರ್ಲೀನ್, ನಿಮ್ಮ ಸಿಂಕಿನ ಕೆಳಗೆ ನನ್ನ ಪಿಸ್ತೂಲು ಮರ್ತಿದ್ದೀನಿ" ಅಂತನಾ? ಅವಳು ನಿಂಗೆ ಹೇಳ್ತಾಳೆ, ನೀನು ವ್ಯಾನು ಕಿತ್ಕೋತೀಯಾ. ಆಮೇಲೆ ನಂಗೇನಿದೆ? ಟಿ.ವಿ. ಮುಂದಿನ ಆ ಕುರ್ಚಿ. ಬೆಳಗ್ಗೆಯಿಂದ ಸಂಜೆವರೆಗೆ ಆ ಕುರ್ಚಿ... ಭಯ ಆಯ್ತು ಕಣೇ. ನಿಜವಾಗ್ಲೂ ಭಯ ಆಯ್ತು.

ನಿನ್ನೆ ಫೋನ್ ಮಾಡ್ದೆ. ಪೈಪು ಸೋರ್ತಿದ್ಯಾ ಆರ್ಲೀನ್, ಒಂದ್ಸಲ ಬಂದು ನೋಡ್ಲಾ ಅಂದೆ. "ಇಲ್ಲ ಡೆಲ್ಬರ್ಟ್, ನೀವು ಬರೋದು ಬೇಡ" ಅಂದ್ಲು. ದನಿ ಒಂಥರಾ ಇತ್ತು. ಮಕ್ಕಳ ಕಾಟಕ್ಕೆ ಸುಸ್ತಾಗಿರಬೇಕು ಅಂದ್ಕೊಂಡೆ. ಇಲ್ಲ... ಹಾಗೆ ಅಂದ್ಕೊಳ್ಳೋಣ ಅಂದ್ಕೊಂಡೆ.

ಬ್ಯಾಗಲ್ಲೇನಿದೆ, ರೋಂಡಾ?

ಇದು... ಕೋಳಿ ಚಿತ್ರದ ಬಟ್ಟೆ. ಆರ್ಲೀನ್ ಅಡುಗೆಮನೇಲಿ ಕೈ ಒರೆಸ್ಕೊಂಡಿದ್ನಲ್ಲ, ಅದೇ. ಬಿಚ್ಚಬೇಡ... ಬೇಡ, ನಾನೇ ಬಿಚ್ತೀನಿ.

ಹಾಂ. ನಂದೇ. ಗುಂಡಿನ ಮ್ಯಾಗಜಿನ್ ಬೇರೆ ತೆಗ್ದಿದ್ದೀಯಾ, ಒಳ್ಳೇದು ಮಾಡ್ದೆ. ಇದ್ಯಾವುದು, ಈ ಒಂಟಿ ಗುಂಡು? ಇದೊಂದು ಯಾಕೆ ಬೇರೆ... ನಳಿಗೇಲಿತ್ತಾ? ನನ್ನ ಪಿಸ್ತೂಲಿನ ನಳಿಗೇಲಾ?

ಆರ್ಲೀನಿಗೇ ಸಿಕ್ತು ತಾನೆ? ಸೋಪು ತಗೊಳ್ಳೋಕೆ ಹೋಗಿ ಅವಳೇ ನೋಡಿರಬೇಕು. ಅಲ್ವಾ? ಹೂಂ ಅನ್ನು ಮಗಳೇ. ಒಂದ್ಸಲ ಹೂಂ ಅಂದ್ಬಿಡು... ಬೈಯಾದ್ರೂ ಬೈಯೇ!

ಮಗುನಾ?

ಎಷ್ಟು ವರ್ಷದ್ದು?... ನಾಲ್ಕು ಬೆರಳು. ನಾಲ್ಕು.

ಕೈಯಲ್ಲಿ ಹಿಡ್ಕೊಂಡಿತ್ತಾ?... ಆಯ್ತು, ಸಾಕು, ಹೇಳಬೇಡ. ಅಳಬೇಡ ಪುಟ್ಟಿ. ಮಗು ಚೆನ್ನಾಗಿದೆ ತಾನೆ? ಅಷ್ಟು ಮಾತ್ರ ಹೇಳು. ಚೆನ್ನಾಗಿದ್ಯಾ? ಹಾಂ... ತಲೆ ಆಡ್ಸಿದ್ಯಲ್ಲ, ಸಾಕು. ದೇವರು ದೊಡ್ಡವನು. ನಾನಲ್ಲ.

ತಗೋ, ಬೀಗದ ಕೈ. ಸರ ತಲೆಯಿಂದ ಬರ್ತಿಲ್ಲ, ಸ್ವಲ್ಪ ಎಳಿ... ಹಾಂ. ಉಂಗುರ ಬಿಚ್ಚಬೇಡ, ಜೊತೆಗೇ ಇರ್ಲಿ. ಇದು ವ್ಯಾನಿಂದು, ಇದೂ ತಗೋ. ಈ ಕಡೆ ಬಾ, ನೀನೇ ಓಡ್ಸು. ಮನೆಗಲ್ಲ, ಕುರ್ಚಿ ಎಲ್ಲಿಗೂ ಹೋಗಲ್ಲ. ಆರ್ಲೀನ್ ಮನೆಗೆ ಕರ್ಕೊಂಡು ಹೋಗು. ಮಕ್ಕಳನ್ನ ಬಿಡೋಕೆ ತಾಯಂದಿರು ಬರೋ ಹೊತ್ತು ಇದು, ಎಲ್ರೂ ಇರ್ತಾರೆ. ಇರ್ಲಿ. ನೀನು ಗಾಡೀಲೇ ಕೂತಿರು.

ಇವತ್ತು ಬಾಗಿಲು ತಟ್ತೀನಿ.